ಗ್ರಂಥಾಲಯ ನುಂಗಿದ ಅಳಿಯ

ಉಶ್ಶಪ್ಪ ಎಂಬುದು ಅವರಿಗೆ ತಂದೆತಾಯಿ ಇಟ್ಟ ಹೆಸರಲ್ಲ. ಕಾಲೇಜಿನ ಗ್ರಂಥಾಲಯಕ್ಕೆ ಸಹಾಯಕರಾಗಿ ಸೇರಿದ ದಿನದಿಂದ ಅವರು ತುಟಿಯ ಮೇಲೆ ಬೆರಳಿಟ್ಟು ವಿದ್ಯಾರ್ಥಿಗಳಿಗೆ "ಉಶ್!" ಎನ್ನುತ್ತಾ ಬಂದಿದ್ದರು. ಸಂಜೆ ಮನೆಗೆ ಬಂದು ಚಪ್ಪಲಿ ಕಳಚುವಾಗ "ಉಶ್ಶಪ್ಪಾ" ಎನ್ನುತ್ತಿದ್ದರು. ಹೀಗೆ ಕಾಲೇಜೂ ಮನೆಯೂ ಬೇರೆ ಬೇರೆ ದಾರಿಯಲ್ಲಿ ನಡೆದು ಒಂದೇ ಹೆಸರಿಗೆ ಬಂದು ತಲುಪಿದವು. ಅವರ ನಿಜವಾದ ಹೆಸರು ಈಗ ಸಂಬಳದ ಚೀಟಿಗೆ ಮಾತ್ರ ಗೊತ್ತು.

ಇಂಥ ಉಶ್ಶಪ್ಪನವರಿಗೆ ನಲವತ್ತು ದಾಟಿದ ಮೇಲೆ ವಿದೇಶದಲ್ಲಿ ಓದುವ ಯೋಗ ಬಂತು. ಹೊರದೇಶದ ಒಂದು ವಿಶ್ವವಿದ್ಯಾಲಯ ಸಿಬ್ಬಂದಿಯಲ್ಲಿ ಒಬ್ಬರನ್ನು ಕಳುಹಿಸಿಕೊಡಿ, ಖರ್ಚೆಲ್ಲ ನಮ್ಮದು ಎಂದು ಕಾಲೇಜಿಗೆ ಹೇಳಿತ್ತು. ಒಬ್ಬರು ಚಳಿಯೆಂದರು. ಇನ್ನೊಬ್ಬರು ವಿಮಾನವೆಂದರೆ ತಲೆ ಸುತ್ತುತ್ತದೆ ಎಂದರು. ಉಶ್ಶಪ್ಪನವರಿಗೆ ಒಂದು ನೆಪ ಹೊಳೆಯುವಷ್ಟರಲ್ಲಿ ಪ್ರಾಂಶುಪಾಲರು ಅವರ ಕೈಕುಲುಕಿ ಶುಭಾಶಯ ಹೇಳಿಬಿಟ್ಟಿದ್ದರು. ಓದಬೇಕಾದ ವಿಷಯ 'ಗ್ರಂಥಾಲಯ ಮತ್ತು ಮಾಹಿತಿ ತಂತ್ರಜ್ಞಾನ'. ಹೆಸರು ಸ್ವಲ್ಪ ಉದ್ದ. ಆ ಉದ್ದವೇ ಎಲ್ಲ ಅನರ್ಥಕ್ಕೂ ಮೂಲವಾಯಿತು.

ಹೊರಡುವ ಮುಂಚೆ ಅತ್ತೆಯ ಮನೆಯಲ್ಲಿ ಊಟ. ಆ ಮನೆಯಲ್ಲಿ ಅಳಿಯಂದಿರ ಸ್ಥಾನಮಾನ ಅವರಿಗೆ ಕೊಡುವ ಕುರ್ಚಿಯಿಂದ ತಿಳಿಯುತ್ತಿತ್ತು. ಕಿರಿಯ ಅಳಿಯ, ಅಂದರೆ ಉಶ್ಶಪ್ಪನವರ ಷಡ್ಡಕ, ಸೇತುವೆ ಕಟ್ಟಿಸುವ ಎಂಜಿನಿಯರು. ಅವನಿಗೆ ಕೈಯಿರುವ, ದಿಂಬಿರುವ ಕುರ್ಚಿ. ಉಶ್ಶಪ್ಪನವರಿಗೆ ಬಾಗಿಲ ಪಕ್ಕದ ಸ್ಟೂಲು. ಅದರ ಮೇಲೆ ಅವರು ಕೂರದ ದಿನಗಳಲ್ಲಿ ನೀರಿನ ಕ್ಯಾನು ಕೂರುತ್ತಿತ್ತು.

"ಅಲ್ಲಿ ಹೋಗಿ ಏನು ಓದ್ತೀರಿ?" ಎಂದು ಅತ್ತೆ ಬಡಿಸುತ್ತಾ ಕೇಳಿದರು.

"ಗ್ರಂ..." ಎಂದು ಉಶ್ಶಪ್ಪ ಶುರುಮಾಡಿದರು. ಅಷ್ಟರಲ್ಲಿ ಒಂದು ಅಗುಳು ಅಡ್ಡದಾರಿ ಹಿಡಿಯಿತು. ಕೆಮ್ಮಿದರು. ಕಣ್ಣಲ್ಲಿ ನೀರು ಬಂತು. ಗ್ರಂಥಾಲಯವೂ ಅದರ ಬೆನ್ನಿಗೆ ಬರುವ 'ಮತ್ತು' ಕೂಡ ಆ ಕೆಮ್ಮಿನಲ್ಲಿ ಕೊಚ್ಚಿಹೋಗಿ, ಉಳಿದದ್ದಷ್ಟೇ ಹೊರಗೆ ಬಂತು: "...ಮಾಹಿತಿ ತಂತ್ರಜ್ಞಾನ."

ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಅಂದ್ರೆ ಕಂಪ್ಯೂಟರಾ?" ಎಂದರು ಅತ್ತೆ.

ಕೆಮ್ಮು ನಿಂತ ಮೇಲೆ ತಿದ್ದಬಹುದಿತ್ತು. ಮನುಷ್ಯನ ಬಾಳಿನಲ್ಲಿ ಬಾಯಿ ಬಿಡಬೇಕಾದ ಗಳಿಗೆಗಳು ಇರುತ್ತವೆ. ವೃತ್ತಿಯ ಅಭ್ಯಾಸದಿಂದಲೋ ಏನೋ, ಉಶ್ಶಪ್ಪನವರು ಅಂಥ ಗಳಿಗೆಗಳಲ್ಲಿ ಮೌನ ಪಾಲಿಸುತ್ತಿದ್ದರು. ಎದುರಿಗೆ ಕೂತಿದ್ದ ಹೆಂಡತಿ ಮೇಜಿನ ಕೆಳಗೆ ಅವರ ಕಾಲಿಗೆ ಒದ್ದಳು. ಏಟು ಷಡ್ಡಕನಿಗೆ ಬಿತ್ತು. "ಅಯ್ಯೋ!" ಎಂದು ಅವನು ಎದ್ದ. ಎದ್ದವನ ಕುರ್ಚಿಯನ್ನು ಅತ್ತೆ ತಕ್ಷಣ ಎಳೆದು, "ನೀವಿಲ್ಲಿ ಕೂತ್ಕೊಳ್ಳಿ" ಎಂದು ಹಿರಿಯಳಿಯನ ಹಿಂದೆ ತಂದಿಟ್ಟರು.

ದಾರಿಯಲ್ಲಿ ಹೆಂಡತಿ ಕೇಳಿದಳು. "ಏನ್ರೀ ಅದು?"

"ಕೆಮ್ಮು ಬಂತು ಕಣೇ."

"ಕೆಮ್ಮು ಹೋದ ಮೇಲೆ?"

"ಆಮೇಲೆ ಅತ್ತೆ ಬಹಳ ಸಂತೋಷವಾಗಿದ್ರು. ಕೆಡಿಸೋಕೆ ಮನಸ್ಸು ಬರಲಿಲ್ಲ."

"ಪುಸ್ತಕದ ಕೆಲಸ ಅಂದ್ರೆ ಅವಮಾನವಾ ನಿಮಗೆ?"

"ಅವಮಾನ ಇಲ್ಲ ಕಣೇ. ದಿಂಬೂ ಇಲ್ಲ."

ಹೀಗೆ ಅರ್ಧ ಕೋರ್ಸನ್ನು ನುಂಗಿಕೊಂಡು ಉಶ್ಶಪ್ಪ ವಿದೇಶಕ್ಕೆ ಹಾರಿದರು.

ಅಲ್ಲಿ ಅವರಿಗೆ ಬಾಡಿಗೆಗೆ ಸಿಕ್ಕಿದ್ದು ನಿವೃತ್ತ ಡ್ರೈವಿಂಗ್ ಟೀಚರೊಬ್ಬಳ ಮನೆಯ ಮಹಡಿಯ ಕೋಣೆ. ಒಂದು ಮಂಚ, ಒಂದು ಮೇಜು, ಎದುರು ಮನೆಯ ಹೊಗೆಕೊಳವೆ ಕಾಣುವ ಒಂದು ಕಿಟಕಿ. ಮನೆಯೊಡತಿ ಆಯುಷ್ಯವಿಡೀ ಹೊಸಬರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವಳು. ಆ ಭಯ ಅವಳನ್ನು ಮನೆಯಲ್ಲೂ ಬಿಟ್ಟಿರಲಿಲ್ಲ. ಉಶ್ಶಪ್ಪ ಮೆಟ್ಟಿಲಿಳಿದರೆ "ನಿಧಾನ, ಮುಂದೆ ತಿರುವಿದೆ!" ಎನ್ನುತ್ತಿದ್ದಳು. ಸ್ನಾನದ ಮನೆಯಿಂದ ಹೊರಬಂದರೆ "ಹಿಂದೆ ನೋಡಿಕೊಂಡು ಬಾ!" ಎನ್ನುತ್ತಿದ್ದಳು. ಅವರು ಸಕ್ಕರೆ ಡಬ್ಬಿಗೆ ಕೈ ಚಾಚಿದರೂ ಅವಳ ಬಲಗಾಲು ನೆಲದಲ್ಲಿ ಬ್ರೇಕು ಹುಡುಕುತ್ತಿತ್ತು.

ಆದರೆ ಇದನ್ನೆಲ್ಲ ಅವಳು ಹೇಳುತ್ತಿದ್ದಳೆಂದು ಉಶ್ಶಪ್ಪನವರಿಗೆ ತಿಳಿದದ್ದೇ ಎಷ್ಟೋ ದಿನಗಳ ಮೇಲೆ. ಆ ನಾಡಿನ ಭಾಷೆಯನ್ನು ಓದಿದರೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಕೇಳಿದರೆ ಕಾದ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಎನ್ನುತ್ತಿತ್ತು, ಅಷ್ಟೆ. ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ತರಗತಿಗೆ ಹೋಗುವುದು, ಬರುವುದು, ಕೋಣೆಯ ಬಾಗಿಲು ಹಾಕಿಕೊಳ್ಳುವುದು.

ಪಾಠ ಹೇಳುವ ಮೇಡಂ ಒಂದು ದಿನ ಅವರನ್ನು ಕರೆದು ಕೂರಿಸಿದರು. "ನೋಡಿ, ಬರವಣಿಗೆಯಲ್ಲಿ ನೀವು ತುಂಬಾ ಚೆನ್ನಾಗಿ ಮಾಡ್ತಿದೀರಿ. ಆದ್ರೆ ಯಾರಾದ್ರೂ ಪ್ರಶ್ನೆ ಕೇಳೋಕೆ ಬಂದ್ರೆ ಕಪಾಟಿನ ಹಿಂದೆ ಹೋಗಿ ನಿಲ್ತೀರಿ. ಈ ಅವಧಿ ಮುಗಿಯೋ ಮುಂಚೆ ಊರಿನ ಗ್ರಂಥಾಲಯದಲ್ಲಿ ಒಂದು ದಿನ ವಿಚಾರಣೆ ಮೇಜಿನಲ್ಲಿ ಕೂರಬೇಕು. ಬಂದವರ ಜೊತೆ ಮಾತಾಡಿ, ಅವರಿಗೆ ಏನು ಬೇಕೋ ತಿಳ್ಕೊಂಡು, ದಾರಿ ತೋರಿಸಬೇಕು. ಅದಾಗದಿದ್ರೆ ನಾನು ನಿಮ್ಮನ್ನ ಮುಂದಕ್ಕೆ ಕಳಿಸೋಕೆ ಆಗಲ್ಲ. ವಾಪಸ್ ಹೋಗಬೇಕಾಗುತ್ತೆ."

ಇದು ಮಾತ್ರ ಒಂದಕ್ಷರ ಬಿಡದೆ ಅರ್ಥವಾಯಿತು.

ಆ ಭಾನುವಾರ ಬೆಳಿಗ್ಗೆ ಅತ್ತೆಯ ವಿಡಿಯೊ ಕರೆ ಬಂತು. ಅದೇ ಹೊತ್ತಿಗೆ ಮನೆಯೊಡತಿ ಇನ್ನೊಂದು ಕಂಬಳಿ ಹೊತ್ತು ಕೋಣೆಗೆ ಬಂದಳು. ಪರದೆಯಲ್ಲಿ ಇಬ್ಬರು ಹಿರಿಯರೂ ಮುಖಾಮುಖಿಯಾದರು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೆ ಅಳಿಯನನ್ನು ಹೊಗಳಬೇಕೆಂದು ಹಟ ತೊಟ್ಟ ಅತ್ತೆಗೆ ಭಾಷೆ ಯಾವ ಲೆಕ್ಕ? ಅವರು ಉಶ್ಶಪ್ಪನವರತ್ತ ಬೆರಳು ತೋರಿಸಿ, ಗಾಳಿಯಲ್ಲಿ ಹತ್ತು ಬೆರಳೂ ಕುಣಿಸಿ, "ಕಂಪ್ಯೂಟರ್! ಕಂಪ್ಯೂಟರ್!" ಎಂದು ಹೆಬ್ಬೆರಳೆತ್ತಿದರು.

ಮನೆಯೊಡತಿಯ ಮುಖ ಅರಳಿತು. ಕಂಬಳಿಯನ್ನು ಮಂಚದ ಮೇಲೆ ಎಸೆದು ಹೋದವಳು ಒಂದು ಹಳೆಯ ಕಂಪ್ಯೂಟರನ್ನು ಎದೆಗವಚಿಕೊಂಡು ಬಂದಳು. "ಇದು ಸತ್ತುಹೋಗಿದೆ" ಎಂದಳು.

'ನಾನು ಕಂಪ್ಯೂಟರಿನವನಲ್ಲ, ಗ್ರಂಥಾಲಯದವನು, ನಮ್ಮತ್ತೆಗೆ ಹಾಗನ್ನಿಸಿದ್ದು ಒಂದು ಅಗುಳಿನಿಂದ' ಎಂದು ವಿವರಿಸಬೇಕಾದರೆ ಬಹಳ ವ್ಯಾಕರಣ ಬೇಕು. ಉಶ್ಶಪ್ಪನವರ ಬಳಿ ಅಷ್ಟು ದಾಸ್ತಾನಿರಲಿಲ್ಲ. ಇದ್ದದ್ದು ಒಂದೇ ಮಾತು. "ನೋಡ್ತೀನಿ."

ನೋಡಿದರು. ವೈರು ಹಿಡಿದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಸತ್ತದ್ದು ಎದ್ದು ಕೂತು ನೀಲಿ ಬೆಳಕು ಬೀರಿತು.

ಮನೆಯೊಡತಿ ಕೈ ಬಾಯಿಗೆ ಒತ್ತಿಕೊಂಡಳು. ಮಧ್ಯಾಹ್ನದೊಳಗೆ ಬೀದಿಯ ಆ ತುದಿಗೂ ಈ ತುದಿಗೂ ಸುದ್ದಿ ಮುಟ್ಟಿತು.

ಮೊದಲು ಬಂದವಳು ಪಕ್ಕದ ಮನೆಯ ನಿವೃತ್ತ ನರ್ಸು. ಅವಳ ಪ್ರಿಂಟರು ಯಾರ ಫೋಟೊ ಕೊಟ್ಟರೂ ಮೂಗಿನವರೆಗೆ ಮಾತ್ರ ಅಚ್ಚು ಹಾಕುತ್ತಿತ್ತು. ಆಮೇಲೆ ಮೂಲೆಯಂಗಡಿಯ ಕ್ಷೌರಿಕ. ಅವನ ಹಾಡಿನ ಪೆಟ್ಟಿಗೆ ಬಾಯಿ ಮುಚ್ಚಿ ವರ್ಷಗಳಾಗಿದ್ದವು. ಅದಿಲ್ಲದೆ ಗಿರಾಕಿಗಳು ತನ್ನ ಮಾತನ್ನೇ ಕೇಳಬೇಕಾಗಿದೆ ಎಂದು ಅವನೇ ಮರುಗಿದ. ಬ್ರೆಡ್ ಅಂಗಡಿಯವನು ಬಿಲ್ಲಿನ ಯಂತ್ರ ತಂದ. ಅದು ಏನು ಮಾರಿದರೂ 'ಧನ್ಯವಾದ' ಎಂದಷ್ಟೇ ಬರೆದು ನಾಲಿಗೆ ಚಾಚುತ್ತಿತ್ತು.

ಎಲ್ಲರಿಗೂ ಉಶ್ಶಪ್ಪ "ನೋಡ್ತೀನಿ" ಎಂದರು. ಬಂದವರು ಹೋದ ಮೇಲೆ ನಿಜಕ್ಕೂ ನೋಡಿದರು. ಮುಂದಿನಿಂದ ನೋಡಿದರು, ಹಿಂದಿನಿಂದ ನೋಡಿದರು. ಏನೂ ತೋಚದೆ, ಕೈಗೆ ಬರುವ ಒಂದೇ ಕೆಲಸ ಮಾಡಿದರು. ಪ್ರತಿಯೊಂದಕ್ಕೂ ಒಂದು ಬಿಳಿ ಚೀಟಿ ಅಂಟಿಸಿ, ಪುಸ್ತಕಕ್ಕೆ ಹಾಕುವ ಹಾಗೆ ವರ್ಗ, ಸಂಖ್ಯೆ, ಮಾಲೀಕರ ಹೆಸರಿನ ಮೊದಲಕ್ಷರ ಬರೆದು, ಗೋಡೆಯ ಪಕ್ಕ ಸಾಲಾಗಿ ಜೋಡಿಸಿದರು.

ಮಾರನೆಯ ದಿನ ಇಣುಕಿ ನೋಡಿದ ಕ್ಷೌರಿಕನಿಗೆ ರೋಮಾಂಚನವಾಯಿತು. "ಎಷ್ಟು ಕ್ರಮ ನೋಡಿ! ಮುಟ್ಟೋ ಮುಂಚೆನೇ ನಂಬರು ಹಾಕ್ತಾನೆ!"

"ದೊಡ್ಡ ಆಸ್ಪತ್ರೇಲೂ ಹಾಗೇ," ಎಂದಳು ನರ್ಸು. "ಮೊದ್ಲು ಕೈಗೆ ಪಟ್ಟಿ ಕಟ್ತೀವಿ. ಆಮೇಲೆ ಕೊಯ್ಯೋದು."

ಉಶ್ಶಪ್ಪ ಷಡ್ಡಕನಿಗೆ ಫೋನು ಮಾಡಿ, ಮಾತಿನ ನಡುವೆ ಬಂದ ಹಾಗೆ, "ಪ್ರಿಂಟರು ಮೂಗಿಗೇ ನಿಂತ್ರೆ ಏನು ಕಾರಣ ಇರಬಹುದು?" ಎಂದರು. ಷಡ್ಡಕ ನಕ್ಕ. "ಅಣ್ಣಾ, ನೀವು ಎಕ್ಸ್‌ಪರ್ಟು. ನನ್ನನ್ನ ಪರೀಕ್ಷೆ ಮಾಡ್ತಿದೀರಾ? ನನಗೆ ಗೊತ್ತಿರೋದು ಸಿಮೆಂಟು." ಅವರು ಗ್ರಂಥಾಲಯದಿಂದ ರಿಪೇರಿ ಪುಸ್ತಕ ತಂದರು. ಪುಸ್ತಕ 'ಮೊದಲು ಮೇಲಿನ ಮುಚ್ಚಳ ತೆಗೆಯಿರಿ' ಎಂದು ಶುರುವಾಗುತ್ತಿತ್ತು. ಮುಚ್ಚಳ ಯಾವುದೆಂದು ಹೇಳಿರಲಿಲ್ಲ.

ಕೆಲಸ ಆಗದ ಮೇಲೆ ಸಬೂಬು ಹೇಳಬೇಕಲ್ಲ? ಅದಕ್ಕೆ ಮನೆಮನೆಗೆ ಹೋಗಬೇಕು. ಬಾಗಿಲಲ್ಲಿ ನಿಂತು ಎರಡು ಮಾತು ಹೇಳಿ ಬರೋಣವೆಂದರೆ ಯಾರೂ ಬಿಡರು. ಒಳಗೆ ಕೂರಿಸಿ ಚಹಾ ಕೊಡುವರು. ಮೊದಮೊದಲು ಉಶ್ಶಪ್ಪ "ಇನ್ನೂ ಆಗಿಲ್ಲ" ಎನ್ನುತ್ತಿದ್ದರು. ಆಮೇಲೆ "ಒಳಗಿನ ಒಂದು ಭಾಗ ಬರಬೇಕು" ಎನ್ನಲು ಕಲಿತರು. ದಿನ ಕಳೆದಂತೆ "ಈ ಚಳಿ ಇಳಿಯೋವರೆಗೂ ಅದನ್ನ ಬಿಚ್ಚೋದು ಒಳ್ಳೇದಲ್ಲ ಅಂತ ನನಗನ್ನಿಸುತ್ತೆ, ನೀವೇನಂತೀರಿ?" ಎಂಬಲ್ಲಿಗೆ ಬಂದರು. ಜಗತ್ತಿನಲ್ಲಿ ಭಾಷೆ ಕಲಿಯಲು ಅನೇಕ ವಿಧಾನಗಳಿವೆ. ನೆಪ ಹೇಳುತ್ತಾ ಕಲಿತವರ ವ್ಯಾಕರಣ ಗಟ್ಟಿಯಾಗಿರುತ್ತದೆ, ಏಕೆಂದರೆ ಅಲ್ಲಿ ತಪ್ಪಿದರೆ ಮಾನ ಹೋಗುತ್ತದೆ.

ಅವರು ಹೇಳುವುದು ಮುಗಿದ ಮೇಲೆ ಉಳಿದವರು ಹೇಳುತ್ತಿದ್ದರು. ನರ್ಸು ದೂರದಲ್ಲಿರುವ ಅಣ್ಣನ ಮಕ್ಕಳ ಫೋಟೊ ತೋರಿಸುತ್ತಿದ್ದಳು. ಕ್ಷೌರಿಕ ತನ್ನ ಅಮ್ಮ ಬಟ್ಟೆ ಒಗೆಯುವಾಗ ಹೇಳುತ್ತಿದ್ದ ಹಾಡನ್ನು ಅರ್ಧ ಹಾಡಿ, ಮುಂದಿನದು ಮರೆತು, ಕತ್ತರಿ ಕೆಳಗಿಡುತ್ತಿದ್ದ. ಉಶ್ಶಪ್ಪ ಕೇಳುತ್ತಾ ಕೂರುತ್ತಿದ್ದರು. ಎದ್ದು ಬರುವಾಗ, ಈ ಜನರನ್ನು ಹೀಗೆ ಸತಾಯಿಸುತ್ತಿದ್ದೇನಲ್ಲಾ ಎಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಪರೀಕ್ಷೆಯ ದಿನ ಬಂತು. ಊರಿನ ಗ್ರಂಥಾಲಯದಲ್ಲಿ ಬಾಗಿಲಿಗೆ ಎದುರಾಗಿ ವಿಚಾರಣೆ ಮೇಜು. ಅದರ ಹಿಂದೆ ಉಶ್ಶಪ್ಪ, ಕೊರಳಿಗೆ ಟೈ ಬಿಗಿದು. ಸ್ವಲ್ಪ ದೂರದಲ್ಲಿ ಮೇಡಂ. ಮೊದಲು ಬಂದ ಹೆಂಗಸು ಏನೋ ಕೇಳಿದಳು. ಗಾಬರಿಯಲ್ಲಿ ಉಶ್ಶಪ್ಪನವರ ಕಿವಿಯಲ್ಲಿ ಮತ್ತೆ ಸಾಸಿವೆ ಸಿಡಿಯಿತು. ಅವರು ಎದ್ದು ಕಪಾಟಿನ ದಿಕ್ಕಿಗೆ ಒಂದು ಹೆಜ್ಜೆ ಇಟ್ಟರು.

ಆಗಲೇ ಬಾಗಿಲು ತೆರೆದು ಬೀದಿಗೆ ಬೀದಿಯೇ ಒಳಗೆ ಬಂತು. ಮುಂದೆ ಮನೆಯೊಡತಿ. "ಇವತ್ತು ನಮ್ಮ ತಜ್ಞ ಇಲ್ಲಿ ಕೂತಿದಾನೆ, ಏನಿದ್ರೂ ಕೇಳಿ ಅಂತ ನಾನೇ ಎಲ್ರಿಗೂ ಹೇಳಿದೆ" ಎಂದು ಮೇಡಂಗೆ ತಾನಾಗಿಯೇ ವಿವರಿಸಿದಳು.

"ನನ್ನ ಹಾಡಿನ ಪೆಟ್ಟಿಗೆ ಎಲ್ಲಿಗೆ ಬಂತು?" ಎಂದ ಕ್ಷೌರಿಕ, ಇಡೀ ಗ್ರಂಥಾಲಯಕ್ಕೆ ಕೇಳುವ ಹಾಗೆ.

"ನನ್ನ ಪ್ರಿಂಟರು?" "ನನ್ನ ಬಿಲ್ಲಿನ ಯಂತ್ರ?"

ಮೇಡಂ ಕನ್ನಡಕ ತೆಗೆದರು. "ಏನಿದು? ನೀವು ರಿಪೇರಿ ಅಂಗಡಿ ಇಟ್ಟಿದೀರಾ? ವಿದೇಶಿ ವಿದ್ಯಾರ್ಥಿಗಳು ಇಲ್ಲಿ ಬೇರೆ ದಂಧೆ ಮಾಡೋ ಹಾಗಿಲ್ಲ ಅಂತ ಗೊತ್ತಲ್ವಾ?" ಅವರು ಫೋನು ಎತ್ತಿಕೊಂಡರು. ವಿದೇಶಿ ವಿದ್ಯಾರ್ಥಿಗಳ ಕಚೇರಿ ಎದುರು ಕಟ್ಟಡದಲ್ಲೇ ಇತ್ತು. ಅಲ್ಲಿಯ ಅಧಿಕಾರಿ, ನಗುವುದಕ್ಕೂ ಮೇಲಿನವರ ಅನುಮತಿ ಬೇಕೆಂಬಂತಿದ್ದ ಒಬ್ಬ ಸಣಕಲು ಮನುಷ್ಯ, ರಸ್ತೆ ದಾಟಿ ಬಂದು ಕುರ್ಚಿ ಎಳೆದು ಕೂತ.

"ಇವರು ನಿಮ್ಮ ಯಂತ್ರಗಳನ್ನ ರಿಪೇರಿ ಮಾಡಿದಾರಾ?" ಎಂದು ಬೀದಿಯವರನ್ನು ಕೇಳಿದ. "ಮಾಡಿದ್ರೆ ನಾನು ಇವರನ್ನ ವಾಪಸ್ ಕಳಿಸಬೇಕಾಗುತ್ತೆ."

ಬೀದಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನರ್ಸಿಗೆ ಮೊದಲು ಹೊಳೆಯಿತು.

"ಇಲ್ಲಪ್ಪ! ಏನೇನೂ ಮಾಡಿಲ್ಲ."

"ಮುಚ್ಚಳ ಕೂಡ ತೆಗೆದಿಲ್ಲ!" ಎಂದ ಕ್ಷೌರಿಕ. "ಇಷ್ಟು ದಿನದಿಂದ ಅವರ ಹತ್ರ ಇದೆ, ಧೂಳೂ ಒರೆಸಿಲ್ಲ. ಬೇಕಾದ್ರೆ ಬಂದು ನೋಡಿ!"

"ನನ್ನ ಯಂತ್ರ ಮೊದ್ಲು 'ಧನ್ಯವಾದ' ಆದ್ರೂ ಅಂತಿತ್ತು," ಎಂದ ಬ್ರೆಡ್ ಅಂಗಡಿಯವನು ಹೆಮ್ಮೆಯಿಂದ. "ಇವರು ಮುಟ್ಟಿದ ಮೇಲೆ ಅದೂ ಇಲ್ಲ."

ಒಬ್ಬ ಮನುಷ್ಯನ ಅಯೋಗ್ಯತೆಗೆ ಇಷ್ಟು ಪ್ರೀತಿಯಿಂದ ಸಾಕ್ಷಿ ನುಡಿದದ್ದು ಯಾವ ನ್ಯಾಯಾಲಯದಲ್ಲೂ ನಡೆದಿರಲಾರದು. ಅಧಿಕಾರಿ ಸಮಾಧಾನದಿಂದ ಹೊರಡಲು ಎದ್ದ. ಅಷ್ಟರಲ್ಲಿ ಮನೆಯೊಡತಿ ತಡೆಯಲಾರದೆ, "ಹಾಗೆಲ್ಲ ಹೇಳಬೇಡಿ! ನನ್ನ ಕಂಪ್ಯೂಟರ್ ಸರಿ ಮಾಡಿಕೊಟ್ಟಿದಾನೆ!" ಎಂದುಬಿಟ್ಟಳು.

ಅಧಿಕಾರಿ ಮತ್ತೆ ಕೂತ.

ಉಶ್ಶಪ್ಪ ಮೇಜಿನ ಮುಂದಕ್ಕೆ ಬಂದು ನಿಂತರು. ಬಾಯಿ ಬಿಡಬೇಕಾದ ಗಳಿಗೆ ಮತ್ತೊಮ್ಮೆ ಬಂದಿತ್ತು. ಈ ಸಲ ಕೆಮ್ಮೂ ಬರಲಿಲ್ಲ. "ಅದಕ್ಕೆ ಏನೂ ಆಗಿರಲಿಲ್ಲ ಸಾರ್," ಎಂದರು. "ಪ್ಲಗ್ ಹಾಕಿರಲಿಲ್ಲ, ನಾನು ಹಾಕಿದೆ. ನನಗೆ ಅಷ್ಟೇ ಬರೋದು. ನಾನು ಕಂಪ್ಯೂಟರ್ ತಜ್ಞ ಅಲ್ಲ. ನಮ್ಮತ್ತೆ ಹಾಗೆ ತಿಳ್ಕೊಂಡ್ರು, ನಾನು ತಿದ್ದಲಿಲ್ಲ. ನಮ್ಮ ಮನೆಯೊಡತಿ ಅಮ್ಮನೂ ಹಾಗೇ ತಿಳ್ಕೊಂಡ್ರು, ತಿದ್ದೋಕೆ ಭಾಷೆ ಬರ್ತಿರಲಿಲ್ಲ. ಬಂದ ಮೇಲೆ ಧೈರ್ಯ ಬರಲಿಲ್ಲ. ಯಾಕಂದ್ರೆ ಇವರ ಮನೆಗೆ ಹೋಗೋದು ತಪ್ಪಿಹೋಗುತ್ತಲ್ಲ ಅನ್ನಿಸ್ತು. ಯಾರೂ ಒಂದು ಕಾಸು ಕೊಟ್ಟಿಲ್ಲ. ಚಹಾ ಕೊಟ್ಟಿದಾರೆ. ಅದು ದಂಧೆ ಅಂತಾದ್ರೆ ನಾನು ತಪ್ಪಿತಸ್ಥ. ನಾನು ಗ್ರಂಥಾಲಯದವನು. ಪುಸ್ತಕ ಹುಡುಕಿಕೊಡೋನು."

ಹೇಳಿ ಮುಗಿಸಿದ ಮೇಲೆಯೇ, ಇಷ್ಟನ್ನೂ ಅಲ್ಲಿಯ ಭಾಷೆಯಲ್ಲಿ, ಎಲ್ಲೂ ತಡವರಿಸದೆ ಹೇಳಿದ್ದೇನೆಂದು ಅವರಿಗೆ ಗೊತ್ತಾಯಿತು. ಮೇಡಂಗೆ ಅವರಿಗಿಂತ ಸ್ವಲ್ಪ ಮುಂಚೆ ಗೊತ್ತಾಗಿತ್ತು. ಅವರು ಕನ್ನಡಕವನ್ನು ಮತ್ತೆ ಮೂಗಿಗೇರಿಸಿ, "ಹಾಗಾದ್ರೆ ಹುಡುಕಿಕೊಡಿ. ಸಾಲು ಕಾಯ್ತಿದೆ" ಎಂದರು.

ನರ್ಸು ಮುಂದೆ ಬಂದಳು. ಅವಳಿಗೆ ಪ್ರಿಂಟರು ಬೇಕಿರಲಿಲ್ಲ, ಅಣ್ಣನ ಮಕ್ಕಳ ಮುಖ ಗೋಡೆಯ ಮೇಲೆ ಬೇಕಿತ್ತು. ಇದು ಉಶ್ಶಪ್ಪನವರಿಗೆ ಕೇಳದೆಯೇ ಗೊತ್ತು. ಗ್ರಂಥಾಲಯದ ಮಹಡಿಯಲ್ಲಿ ದೊಡ್ಡ ಪ್ರಿಂಟರಿತ್ತು. ಕ್ಷೌರಿಕನನ್ನು ಹಾಡುಗಳ ಸಂಗ್ರಹದ ಹತ್ತಿರ ಕರೆದೊಯ್ದು, ಅವನು ಗುನುಗಿದ ಅರ್ಧವನ್ನು ಅಲ್ಲಿಯ ಸಿಬ್ಬಂದಿಗೆ ಇವರೇ ಗುನುಗಿ ತೋರಿಸಿದರು. ಮುಕ್ಕಾಲು ರಾಗ ತಪ್ಪಿದ್ದರೂ ಹಾಡು ಸಿಕ್ಕಿತು. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ದಪ್ಪ ದೇಹದ ಕ್ಷೌರಿಕ ಕಪಾಟಿನ ನಡುವೆ ನೆಲದ ಮೇಲೆಯೇ ಕೂತುಬಿಟ್ಟ. ಬ್ರೆಡ್ ಅಂಗಡಿಯವನಿಗೆ ಬಿಲ್ಲಿನ ಯಂತ್ರ ತಯಾರಿಸಿದವರ ವಿಳಾಸ, ದೂರವಾಣಿ ಹುಡುಕಿಕೊಟ್ಟರು. ಮೊದಲು ಬಂದಿದ್ದ ಹೆಂಗಸು ಇನ್ನೂ ನಿಂತಿದ್ದಳು. ಅವಳು ಕೇಳಿದ್ದು ಶೌಚಾಲಯ ಎಲ್ಲಿದೆ ಎಂದು.

ಚಹಾ ದಂಧೆಯಾಗದು ಎಂದು ತೀರ್ಮಾನಿಸಿದ ಅಧಿಕಾರಿಯೂ ಕೊನೆಗೆ ಸಾಲಿನಲ್ಲಿ ನಿಂತ. ಅತ್ತಿತ್ತ ನೋಡಿ ಬಾಗಿದ. "ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದಾಳೆ. ಅದಕ್ಕೇನಾದ್ರೂ..."

"ಉಶ್!" ಎಂದರು ಉಶ್ಶಪ್ಪ, ತುಟಿಗೆ ಬೆರಳಿಟ್ಟು. "ಮೆಲ್ಲಗೆ. ಎಡಗಡೆಯ ಕಪಾಟು. ನಾನೂ ಬರ್ತೀನಿ, ನಡೀರಿ."

ಸಂಜೆ ಮನೆಯೊಡತಿಯ ಅಡುಗೆಮನೆಯಲ್ಲಿ ಕೂತು ಉಶ್ಶಪ್ಪ ಕ್ಷಮೆ ಕೇಳಿದರು. "ಅಮ್ಮಾ, ನಿಮಗೆ ಮೋಸ ಮಾಡಿದೆ."

"ಯಾವ ಮೋಸ? ನೀನು ಪ್ರಿಂಟರಿಗೆ ಚೀಟಿ ಅಂಟಿಸಿದ ದಿನವೇ ನನಗೆ ಗೊತ್ತಾಯ್ತು, ನಿನಗೆ ಏನೂ ಬರಲ್ಲ ಅಂತ."

"ಮತ್ತೆ ಸುಮ್ಮನಿದ್ರಿ?"

"ಸುಮ್ಮನೆ ಎಲ್ಲಿದ್ದೆ? ಬೀದಿಯವರಿಗೂ ನಾನೇ ಹೇಳಿದ್ದೆ, ವಾಪಸ್ ಕೇಳಬೇಡಿ, ಮನೆಗೆ ಕರೆದು ಮಾತಾಡಿಸಿ ಅಂತ. ಬಾಗಿಲು ಹಾಕ್ಕೊಂಡು ಕೂತಿದ್ದ ನೀನು ದಿನಾ ಸಂಜೆ ಹೊರಗೆ ಹೋಗೋಕೆ ಶುರು ಮಾಡಿದ್ದೆ. ಹೊಸಬರನ್ನ ರಸ್ತೆಗೆ ಇಳಿಸಬೇಕಪ್ಪಾ, ಗ್ಯಾರೇಜಿನಲ್ಲಿ ಕೂರಿಸಿದ್ರೆ ಗಾಡಿ ಓಡಿಸೋಕೆ ಬರುತ್ತಾ?"

"ಅಧಿಕಾರಿ ಮುಂದೆ ಕಂಪ್ಯೂಟರ್ ವಿಷಯ ಹೇಳಿಬಿಟ್ರಲ್ಲ?"

"ಅದು ಬಾಯಿ ತಪ್ಪಿ ಬಂತು," ಎಂದಳು ಮನೆಯೊಡತಿ, ಚಹಾ ಕಪ್ಪಿನ ಹಿಂದೆ ಮುಖ ಮರೆಸಿ. "ನಿನ್ನ ಬಗ್ಗೆ ಅವರೆಲ್ಲ ಅಷ್ಟು ಕೆಟ್ಟದಾಗಿ ಮಾತಾಡ್ತಿದ್ರು. ಸಹಿಸೋಕೆ ಆಗಲಿಲ್ಲ."

ಉಶ್ಶಪ್ಪನವರಿಗೆ ಏನೋ ಹೇಳಬೇಕೆನಿಸಿತು. ಇಷ್ಟು ದಿನ ಕಲಿತ ನೆಪಗಳಲ್ಲಿ ಯಾವುದೂ ಅದಕ್ಕೆ ಹೊಂದಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆಯಲು ನಿಂತರು, ತೊಳೆದದ್ದನ್ನೇ ಎರಡು ಸಲ ತೊಳೆದರು.

ಮೇಡಂ ಅವರನ್ನು ಮುಂದಿನ ಅವಧಿಗೆ ಕಳಿಸಿದರು. ಮರುವಾರ ಮನೆಮನೆಗೂ ಯಂತ್ರಗಳನ್ನು ಹೊತ್ತು ಹಿಂದಿರುಗಿಸಿ, ಒಬ್ಬೊಬ್ಬರಿಗೂ ಕೈಮುಗಿದು ಬಂದರು. ಸಂಜೆಯ ಚಹಾ ಮಾತ್ರ ನಿಲ್ಲಲಿಲ್ಲ. ಈಗ ಹೋಗಲು ಕಾರಣ ಬೇಕಿರಲಿಲ್ಲ.

ಒಂದು ಕರೆ ಬಾಕಿಯಿತ್ತು. ಭಾನುವಾರ ಬೆಳಿಗ್ಗೆ ಉಶ್ಶಪ್ಪ ಅತ್ತೆಗೆ ಫೋನು ಮಾಡಿ, ಬೇರೇನೂ ಮಾತಾಡುವ ಮುಂಚೆ, ನುಂಗಿದ್ದ ಅರ್ಧವನ್ನು ಹೊರಹಾಕಿದರು. "ಅತ್ತೆ, ನಾನು ಓದ್ತಿರೋದು ಗ್ರಂಥಾಲಯದ್ದು. ಆವತ್ತು ಕೆಮ್ಮು ಬಂತು."

ಪರದೆಯಲ್ಲಿ ಅತ್ತೆ ಹಿಂದಿನ ಕೋಣೆಯತ್ತ ತಿರುಗಿ ನೋಡಿದರು.

"ಅಂದ್ರೆ ಕಂಪ್ಯೂಟರ್ ರಿಪೇರಿ ಬರಲ್ವಾ?"

"ಬರಲ್ಲ ಅತ್ತೆ."

"ಅಯ್ಯೋ ರಾಮಾ! ನೀವು ಬಂದು ಮಾಡ್ತೀರಿ ಅಂತ ನೆಂಟರೆಲ್ಲರ ಕೆಟ್ಟ ಸಾಮಾನು ತರಿಸಿ ಕೋಣೆ ತುಂಬ ಇಟ್ಕೊಂಡಿದೀನಲ್ರೀ! ನಮ್ಮನೆ ಮಿಕ್ಸಿನೂ ಅದರಲ್ಲೇ ಇದೆ!"

ಪಕ್ಕದಿಂದ, ತವರಿಗೆ ಬಂದಿದ್ದ ಹೆಂಡತಿಯ ನಗು ಕೇಳಿಸಿತು. ಅತ್ತೆ ಅವಳತ್ತ ಗದರಿ, "ನೀನು ಹೋಗಿ ಒಲೆ ನೋಡು" ಎಂದು ಕಳಿಸಿದರು. ಅವಳು ಹೋದಳೆಂದು ಖಾತ್ರಿಯಾದ ಮೇಲೆ ಫೋನನ್ನು ಬಾಯಿಯ ಹತ್ತಿರ ತಂದರು. ಈಗ ಅವರ ಗಲ್ಲ ಮಾತ್ರ ಕಾಣುತ್ತಿತ್ತು.

"ಗ್ರಂಥಾಲಯ ಅಂದ್ರಲ್ಲ. ದೊಡ್ಡ ಅಕ್ಷರದ ಪುಸ್ತಕ ಅಂತ ಇರುತ್ತಾ?"

"ಇರುತ್ತೆ ಅತ್ತೆ. ಯಾರಿಗೆ?"

"ನನಗೆ ಕಣ್ಣು ಮಂಜಾಗಿದೆ. ಎರಡು ವರ್ಷ ಆಯ್ತು. ಪೇಪರು ಸುಮ್ಮನೆ ಹಿಡ್ಕೊಂಡು ಕೂರ್ತೀನಿ, ಪುಟ ತಿರುವ್ತೀನಿ. ಮನೇಲಿ ಯಾರಿಗೂ ಗೊತ್ತಿಲ್ಲ. ಹೇಳಿದ್ರೆ ಮುದುಕಿ ಅಂತಾರೆ."

ಉಶ್ಶಪ್ಪನವರಿಗೆ ಮೇಡಂ ಕಲಿಸಿದ್ದು ನೆನಪಾಯಿತು. ಬಂದವರಿಗೆ ಏನು ಬೇಕೋ ಮೊದಲು ತಿಳಿಯಬೇಕು.

"ನಾಳೆನೇ ಇವಳ ಜೊತೆ ಕಣ್ಣಿನ ಡಾಕ್ಟರ ಹತ್ರ ಹೋಗ್ಬನ್ನಿ. ಮುದುಕಿ ಅಂತ ಯಾರೂ ಅನ್ನಲ್ಲ, ಅಂದ್ರೆ ನನಗೆ ಹೇಳಿ. ಪುಸ್ತಕ ನಾನು ಹುಡುಕ್ತೀನಿ. ಅಕ್ಷರ ಎಷ್ಟು ದೊಡ್ಡದಿರಬೇಕು? ಏನು ಓದೋಕೆ ಇಷ್ಟ ನಿಮಗೆ? ದೇವರ ಕಥೆ? ಭಜನೆ?"

ಅತ್ತೆ ಒಲೆಯ ಕಡೆ ಒಮ್ಮೆ ಇಣುಕಿದರು. ದನಿ ಇನ್ನೂ ತಗ್ಗಿತು.

"ಅದೆಲ್ಲ ಬಾಯಿಪಾಠ ಇದೆ ಕಣ್ರೀ. ಕಳ್ಳರದ್ದು ಇದ್ರೆ ನೋಡಿ. ಒಂದಾದ್ರೂ ಕೊಲೆ ಇರಲಿ."